ಎರಡು ಕ್ಲಿಪ್ಪಿನ ಗಾಳಿ

ಮೊನ್ನೆ ಒಗೆಯಲು ಹಾಕಿದ ನನ್ನ ಅಂಗಿಯ ಜೇಬಿನಲ್ಲಿ ಬಟ್ಟೆ ಒಣಹಾಕುವಾಗ ಸಿಕ್ಕಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್ಪೊಂದು ಸಿಕ್ಕಿತು. ನನ್ನ ಹೆಂಡತಿ ಸರೋಜ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಊರ ಗಂಡಸರ ಜೇಬಲ್ಲಿ ಏನೇನೋ ಸಿಗ್ತದಂತೆ. ನಮ್ಮನೆಯವರ ಜೇಬಲ್ಲಿ ನೋಡಿ, ಕ್ಲಿಪ್ಪು" ಎಂದು ಗೋಡೆಗೆ ಹೇಳಿದಳು. ತಂಗಿಯ ಮನೆಯಿಂದ ತಂದ ಈ ಕ್ಲಿಪ್ಪೇ ಹೋದ ಆಷಾಢದಲ್ಲಿ ನನ್ನ ಹವಾಮಾನ ಇಲಾಖೆಯಾಗಿತ್ತು ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ನಿಮಗೆ ಗೊತ್ತಿಲ್ಲವಾದ್ದರಿಂದ ಹೇಳುತ್ತೇನೆ.

ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದವನು. ಹಳಿಯ ಪಕ್ಕ ಹಸಿರು ಬಾವುಟ ಹಿಡಿದು ನಿಂತವನಿಗೆ ಗಾಳಿಯ ವಿದ್ಯೆ ತಾನಾಗಿ ಒಲಿಯುತ್ತದೆ ಎಂಬುದು ನನ್ನ ಬಹುಕಾಲದ ನಂಬಿಕೆ. ಬಾವುಟ ಕೋಲಿಗೆ ಸುತ್ತಿಕೊಂಡರೆ ಒಂದು ಗಾಳಿ, ಮುಖಕ್ಕೆ ಬಡಿದರೆ ಇನ್ನೊಂದು. ಒಂದು ಸಲ ಬಾವುಟದ ಬಟ್ಟೆ ಕೋಲಿನಿಂದ ಕಿತ್ತುಕೊಂಡು ಹೋಗಿ ವಡೆ ಮಾರುವವನ ಬುಟ್ಟಿಯ ಮೇಲೆ ಕೂತುಬಿಟ್ಟಿತ್ತು. ನಾನು ಅದನ್ನು ಗಮನಿಸದೆ ಬರೀ ಕೋಲನ್ನೇ ಬಹಳ ಗಂಭೀರವಾಗಿ ಆಡಿಸುತ್ತಿದ್ದೆ. ವಿದ್ಯೆ ಪೂರ್ತಿ ಒಲಿದಿಲ್ಲ ಎಂಬ ಅನುಮಾನ ನನಗೆ ಅಂದೇ ಬರಬೇಕಿತ್ತು, ಬರಲಿಲ್ಲ.

ಗಾಳಿಯ ಹುಚ್ಚು ಮಾತ್ರ ಅದಕ್ಕಿಂತ ಹಳೆಯದು. ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಮೈಸೂರು ಮೈನ್ಸ್‌ನಲ್ಲಿ. ಈಗ ಗಣಿ ನಿಂತುಹೋಗಿದೆ. ಚಿನ್ನ ತೆಗೆದು ಮಿಕ್ಕ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಮಾತ್ರ ಇದ್ದಲ್ಲೇ ಇವೆ. ಆಷಾಢದ ಪಡುವಣ ಗಾಳಿ ಎದ್ದರೆ ಆ ದಿಬ್ಬಗಳ ಧೂಳು ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ಅಮ್ಮ ಓಡಾಡಿ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದಳು. ನೆಲದಡಿಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ ಒಂದೊಂದಾಗಿ ತೆಗೆಯುತ್ತಿದ್ದ.

"ದಿನಾ ಪೂರ್ತಿ ಫ್ಯಾನು ಊದಿದ ಗಾಳಿ ಕುಡಿದು ಬಂದಿವ್ನಿ ಕಣೇ. ಇದಾದ್ರೂ ಬರ್ಲಿ ಬುಡು" ಎನ್ನುತ್ತಿದ್ದ.

"ಬರ್ಲಿ. ಧೂಳೂ ಬತ್ತದೆ. ಅದನ್ನೂ ಸಾರಿಗೆ ಕಲಸಿ ಇಕ್ತೀನಿ, ಉಣ್ಣು" ಎನ್ನುತ್ತಿದ್ದಳು ಅಮ್ಮ.

ಕೊನೆಗೆ ಒಂದು ಕಿಟಕಿಯ ಒಂದು ಬಾಗಿಲು ತೆಗೆಯುವುದೆಂದು ಇಬ್ಬರೂ ಒಪ್ಪುತ್ತಿದ್ದರು. ಅಪ್ಪ ಅದರೆದುರು ಅಂಗಿಯ ಗುಂಡಿ ಬಿಚ್ಚಿ, ಕಣ್ಣು ಮುಚ್ಚಿ ಕೂರುತ್ತಿದ್ದ. ನಾನು ಅವನ ಒಂದು ಪಕ್ಕ, ತಂಗಿ ಜಯಮ್ಮ ಇನ್ನೊಂದು ಪಕ್ಕ. ಅಂಗಿ ಪಟಪಟ ಹೊಡೆದುಕೊಳ್ಳುವಾಗ ಅಪ್ಪನ ಮುಖದಲ್ಲಿ ಬರುತ್ತಿದ್ದ ನೆಮ್ಮದಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಈಗಲೂ ಗಾಳಿ ಜೋರಾದರೆ ನನಗೆ ಮೊದಲು ನೆನಪಾಗುವುದು ಅವನೇ. ಅಮ್ಮನ ಸಾರು ಆಮೇಲೆ.

ಕ್ಲಿಪ್ಪಿನ ಲೆಕ್ಕ ಜಯಮ್ಮನದು. ಅವಳು ಇವತ್ತಿಗೂ ಮೈಸೂರು ಮೈನ್ಸ್‌ನಲ್ಲೇ ಇದ್ದಾಳೆ. ಅವಳ ಮನೆಯ ತಂತಿಯ ಮೇಲೆ ಬಟ್ಟೆಗೆ ಕ್ಲಿಪ್ಪು ಬೇಡವೆಂದರೆ ಗಾಳಿಯಿಲ್ಲ ಎಂದರ್ಥ. ಒಂದು ಹಾಕಿದರೆ ಎಳೆಗಾಳಿ. ಎರಡು ಹಾಕಿದರೆ ಒಳ್ಳೆಯ ಗಾಳಿ. ಬಟ್ಟೆಯನ್ನೇ ಒಳಗೆ ತಂದಳೆಂದರೆ ದಿಬ್ಬದ ಧೂಳು ಹೊರಟಿದೆ, ಬಾಯಿ ಮುಚ್ಚಿಕೊಳ್ಳಬೇಕು. ಇಷ್ಟು ಸರಳವಾದ ಅಳತೆಯನ್ನು ಬಿಟ್ಟು ವಿಜ್ಞಾನಿಗಳು ಕಂಬದ ಮೇಲೆ ಬಟ್ಟಲು ತಿರುಗಿಸುತ್ತಾರಲ್ಲ ಎಂದು ನಾನು ಆಗಾಗ ಮರುಕಪಡುತ್ತಿದ್ದೆ.

ಇದೆಲ್ಲ ಉಪಯೋಗಕ್ಕೆ ಬಂದದ್ದು ಸರೋಜಳ ತಮ್ಮ ಮುನಿರಾಜುವಿನಿಂದ. ಅವನು ನೌಕಾಪಡೆಯಲ್ಲಿ ಅಡುಗೆಯವನಾಗಿದ್ದು ವಾಪಸು ಬಂದವನು. ಇಪ್ಪತ್ತು ವರ್ಷ ಸಮುದ್ರದ ಮೇಲಿದ್ದು ಅವನು ಹೆಚ್ಚಾಗಿ ನೋಡಿದ್ದು ಸಾಂಬಾರು. ಆದರೆ ರಜೆಯ ಹೊತ್ತಿನಲ್ಲಿ ಯಾರೋ ಅವನಿಗೆ ವಿಂಡ್ ಸರ್ಫಿಂಗ್ ಕಲಿಸಿಬಿಟ್ಟಿದ್ದರು. ಉದ್ದನೆಯ ಹಲಗೆಯ ಮೇಲೆ ನಿಲ್ಲುವುದು, ಅದಕ್ಕೆ ಸಿಕ್ಕಿಸಿದ ಹಾಯಿಯನ್ನು ಎರಡು ಕೈಯಲ್ಲಿ ಹಿಡಿಯುವುದು, ಗಾಳಿ ಎಳೆದತ್ತ ನೀರಿನ ಮೇಲೆ ಓಡುವುದು. ಊರಿಗೆ ಬರುವಾಗ ಅವನು ಒಂದು ಟ್ರಂಕು, ಒಂದು ದೊಡ್ಡ ಸೌಟು, ಮತ್ತು ಯಾರೋ ಉಪಯೋಗಿಸಿ ಬಿಟ್ಟಿದ್ದ ಒಂದು ಹಲಗೆ, ಒಂದು ಹಾಯಿ ತಂದ. ಬಂಗಾರಪೇಟೆಯಲ್ಲಿ ಇಳಿದಾಗ ಅದನ್ನು ನೋಡಿದ ಪೋರ್ಟರು, ಯಾವ ಊರ ಬಾಗಿಲು ಸಾರ್ ಇದು ಎಂದು ಕೇಳಿದ.

ಮೊದಲು ಅವನ ಕಣ್ಣು ಬಿದ್ದದ್ದು ಬೇತಮಂಗಲದ ಜಲಾಶಯದ ಮೇಲೆ. ಅಲ್ಲಿ ನೀರಿನ ಹತ್ತಿರ ಇದ್ದ ಹಿರಿಯರೊಬ್ಬರು ಹಲಗೆಯನ್ನೂ ಅವನನ್ನೂ ನೋಡಿ, "ಕೆಜಿಎಫ್ ಜನ ಕುಡಿಯೋ ನೀರು ಕಣಪ್ಪಾ. ನಿನ್ ಕಾಲು ತೊಳೆಯೋಕೆ ಬೇರೆ ಕಡೆ ಓಗು" ಎಂದರು. ಮಾತು ನ್ಯಾಯವಾಗಿತ್ತು. ಮುನಿರಾಜು ಕೈಮುಗಿದು ಬಂದುಬಿಟ್ಟ. ಆಮೇಲೆ ಉಳಿದದ್ದು ಅವನ ಸ್ವಂತ ಊರಿನ, ಎಂದರೆ ನನ್ನ ಹೆಂಡತಿಯ ತವರಿನ ಕೆರೆ. ಬೇತಮಂಗಲದ ಬಸ್ಸು ಹಿಡಿದು ನಡುವೆ ಇಳಿದು ನಡೆಯಬೇಕು. ಬಹುಕಾಲ ಒಣಗಿದ್ದ ಆ ಕೆರೆ ಈಚೆಗೆ ತುಂಬಿ ಮೂರು ವರ್ಷವಾಗಿತ್ತು.

"ಬಾವ, ನಾನು ಈ ಕೆರೇಲಿ ಕ್ರಿಕೆಟ್ ಆಡ್ದವ್ನು" ಎಂದ ಮುನಿರಾಜು ಒಂದು ದಿನ ಏರಿಯ ಮೇಲೆ ನಿಂತು. "ಅಗೋ, ಆ ಬಕಪಕ್ಷಿ ಕೂತದಲ್ಲಾ, ಅಲ್ಲೇ ವಿಕೆಟ್ಟು. ನೀರು ಕಂಡವ್ನೇ ಅಲ್ಲ. ನೇವಿಗೆ ಸೇರ್ದಾಗ ಈಜು ಬರಾಕಿಲ್ಲ ಅಂತ ಎಲ್ರ ಮುಂದೆ ಅತ್ತಿದ್ದೆ. ಈಗ ನೀರು ಬಂದದೆ. ನಮ್ಮೂರ ಹೈಸ್ಕೂಲು ಹೆಣ್ಮಕ್ಕಳಿಗೆ ಈಜು ಕಲಿಸ್ಬೇಕು, ಇದನ್ನೂ ಕಲಿಸ್ಬೇಕು. ಅಷ್ಟೇ ಬಾವ ನಂಗೆ."

ಅವನು ಜೀವನದಲ್ಲಿ ಅದಕ್ಕಿಂತ ಉದ್ದ ಮಾತಾಡಿದ್ದನ್ನು ನಾನು ಕೇಳಿಲ್ಲ. ನನ್ನ ಕೈಲಾದದ್ದು ಮಾಡಬೇಕು ಎಂದು ಅವತ್ತೇ ತೀರ್ಮಾನಿಸಿದೆ. ನನ್ನ ಕೈಲಾಗುವುದು ಗಾಳಿಯೊಂದೇ.

ಹಾಯಿಗೆ ಗಾಳಿ ಬೇಕು, ಆದರೆ ಗಾಳಿ ಯಾವಾಗ ಬರುತ್ತದೆ ಎಂದು ಕೆರೆ ಹೇಳುವುದಿಲ್ಲ. ಮುನಿರಾಜು ಫೋನಿನಲ್ಲಿ ನೋಡುತ್ತಿದ್ದ. ಫೋನು ಒಂದು ಬಾಣದ ಗುರುತು, ಒಂದು ಅಂಕಿ ತೋರಿಸುತ್ತಿತ್ತು. ಆ ಅಂಕಿ ಎಲ್ಲಿಯದೋ ದೂರದ ದೊಡ್ಡ ಊರಿನದು. ಅಲ್ಲಿ ಗಾಳಿ ಬೀಸಿದರೆ ಇಲ್ಲಿ ನಮ್ಮ ಕೆರೆ ಏಕೆ ಏಳಬೇಕು? ಹತ್ತಿರದ ಗಾಳಿ ಕೇಳಬೇಕಪ್ಪಾ ಎಂದೆ. ಅಲ್ಲಿಂದ ನನ್ನ ರೈಲ್ವೆ ಬುದ್ಧಿ ಕೆಲಸ ಮಾಡತೊಡಗಿತು.

ಆಷಾಢದ ಗಾಳಿ ಪಡುವಣದಿಂದ ಬರುತ್ತದೆ. ಬಂಗಾರಪೇಟೆ ಪಡುವಣಕ್ಕಿದೆ. ಆದ್ದರಿಂದ ಗಾಳಿ ಮೊದಲು ಬಂಗಾರಪೇಟೆಗೆ ಬಂದು, ಮಾರಿಕುಪ್ಪಂ ಪ್ಯಾಸೆಂಜರಿನ ಹಾಗೆ ಕೋರಮಂಡಲ್, ಊರ್ಗಾಂ, ಚಾಂಪಿಯನ್ ಸ್ಟೇಷನ್ನುಗಳನ್ನು ದಾಟಿ, ಗಣಿಯ ಊರೆಲ್ಲ ಸುತ್ತಿ, ಆಮೇಲೆ ಕೆರೆಗೆ ಹೋಗಬೇಕು. ಒಂದು ಸ್ಟೇಷನ್ನಿನಿಂದ ಹೊರಟದ್ದನ್ನು ಮುಂದಿನ ಸ್ಟೇಷನ್ನಿಗೆ ತಿಳಿಸುವುದೇ ನಾನು ಇಡೀ ಜೀವಮಾನ ಕಂಡ ಕೆಲಸ. ಗಾಳಿಗೂ ಒಂದು ಟೈಮ್ ಟೇಬಲ್ ಬರೆದೆ. ಬಂಗಾರಪೇಟೆ ಒಂಬತ್ತು ನಲವತ್ತು. ಮೈಸೂರು ಮೈನ್ಸ್ ಹತ್ತು ಹದಿನೈದು. ಮಾರಿಕುಪ್ಪಂ ಹತ್ತೂವರೆ. ಕೆರೆ ಹನ್ನೊಂದು. ಗಾಳಿ ಹಳಿಯ ಮೇಲೆ ಓಡುವುದಿಲ್ಲವಲ್ಲ ಎಂದು ಸರೋಜ ಕೇಳಿದಳು. ಅವಳಿಗೆ ರೈಲ್ವೆ ವಿಷಯ ಅರ್ಥವಾಗುವುದಿಲ್ಲ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಬಂಗಾರಪೇಟೆಯ ನಮ್ಮ ಮನೆಯ ಮಹಡಿ ಹತ್ತಿ ಹಳೆಯ ಹಸಿರು ಬಾವುಟ ಹಿಡಿದು ನಿಲ್ಲುವುದು ನನ್ನ ಕೆಲಸ. ಎದುರು ಮನೆಯವರು ಮೊದಮೊದಲು ಕೈ ಬೀಸುತ್ತಿದ್ದರು, ಆಮೇಲೆ ಬಿಟ್ಟರು. ಬಾವುಟ ಎದ್ದರೆ ಜಯಮ್ಮನಿಗೆ ಫೋನು.

"ಎಷ್ಟು ಕ್ಲಿಪ್ಪಮ್ಮಾ?"

"ಎರಡಣ್ಣಾ, ಎರಡು! ಭರ್ಜರಿ ಗಾಳಿ!"

ಆಮೇಲೆ ಮಾರಿಕುಪ್ಪಂ ಸ್ಟೇಷನ್ ಪಕ್ಕ ಟೀ ಅಂಗಡಿ ಇಟ್ಟಿರುವ ಪೆರುಮಾಳ್‌ಗೆ ಫೋನು. ಗಾಳಿ ಬಂದರೆ ಅವನು ಸ್ಟೌವಿಗೆ ತಗಡು ಅಡ್ಡ ಇಡುತ್ತಾನೆ.

"ತಗಡು ಇಟ್ಟಾಯ್ತಾ ಪೆರುಮಾಳ್?"

"ವೆಚ್ಚಾಚು ಅಣ್ಣೇ, ಇಟ್ಟಾಯ್ತು! ಕಾತ್ತು ನಲ್ಲಾ ಅಡಿಕ್ಕಿದು!" ಎನ್ನುತ್ತಿದ್ದ. ಅವನ ಮಾತಿನಲ್ಲಿ ತಮಿಳು ಯಾವಾಗ ಮುಗಿಯಿತು, ಕನ್ನಡ ಯಾವಾಗ ಶುರುವಾಯಿತು ಎಂದು ಅವನಿಗೇ ತಿಳಿಯದು. ಗಾಳಿ ಇದೆ ಎಂಬುದಂತೂ ತಿಳಿಯುತ್ತಿತ್ತು. ಆಗ ನಾನು ಮುನಿರಾಜುಗೆ ಫೋನು ಮಾಡಿ, ಗಾರ್ಡಿಗೆ ಹೇಳುವ ದನಿಯಲ್ಲಿ, "ಹನ್ನೊಂದಕ್ಕೆ ಬರುತ್ತದೆ, ಹೊರಡು" ಎನ್ನುತ್ತಿದ್ದೆ.

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾಲ್ಕು ಭಾನುವಾರಗಳಲ್ಲಿ ನಾಲ್ಕು ಸಲವೂ ಗಾಳಿ ಸಿಕ್ಕಿತು. ಮುನಿರಾಜು ಸಂಜೆ ಕೆಂಪು ಕಣ್ಣು, ಒದ್ದೆ ತಲೆಯಲ್ಲಿ ನಮ್ಮ ಮನೆಗೆ ಬಂದು, "ಬಾವ, ನಿಮ್ ಲೆಕ್ಕ ಅಂದ್ರೆ ಲೆಕ್ಕ" ಎನ್ನುತ್ತಿದ್ದ. ನಾನು ಆ ದಿನಗಳಲ್ಲಿ ಸ್ವಲ್ಪ ನಿಧಾನವಾಗಿ, ತೂಕವಾಗಿ ನಡೆಯುತ್ತಿದ್ದೆ ಎಂದು ಸರೋಜ ಈಗ ಹೇಳುತ್ತಾಳೆ.

ಅಷ್ಟರಲ್ಲಿ ಊರಿನಲ್ಲಿ ತಕರಾರು ಎದ್ದಿತ್ತು. ಕೆರೆಯ ಮೀನಿನ ಟೆಂಡರು ಹಿಡಿದವನು, ಈ ಹಲಗೆ ಓಡಾಡಿದರೆ ಮೀನು ಹೆದರಿ ಮೊಟ್ಟೆ ಇಡುವುದಿಲ್ಲ, ಬಲೆ ಹರಿಯುತ್ತದೆ ಎಂದು ದೂರು ಕೊಟ್ಟ. ಹೆಣ್ಣುಮಕ್ಕಳನ್ನು ನೀರಿಗೆ ಇಳಿಸುತ್ತಾನಂತೆ ಎಂದು ಇನ್ನು ಕೆಲವರು ಗೊಣಗಿದರು. ಪಂಚಾಯಿತಿ ಅಧ್ಯಕ್ಷೆ ವೆಂಕಟಮ್ಮನವರು ಅರವತ್ತು ದಾಟಿದವರು, ಅಧ್ಯಕ್ಷೆಯಾಗುವವರೆಗೂ ಕುರಿ ಕಾಯುತ್ತಿದ್ದವರು. ಅವರು ಮುನಿರಾಜುವನ್ನು ಕರೆಸಿ, "ಲೇ, ಅದೇನಂತ ನಾವ್ಯಾರೂ ಕಂಡಿಲ್ಲ. ಒಂದಿನ ಎಲ್ರ ಮುಂದೆ ಮಾಡಿ ತೋರ್ಸು. ಸರಿ ಕಂಡ್ರೆ ಒಪ್ಪಿಗೆ ಬರ್ಕೊಡ್ತೀವಿ. ಇಲ್ಲಾಂದ್ರೆ ಅಲಗೆ ಮನೆಗೆ ತಕೊಂಡೋಗು, ಮತ್ತೆ ಕೆರೆ ಕಡೆ ತರ್ಬೇಡ" ಎಂದರು. ದಿನ ಸೋಮವಾರ. ಹೊತ್ತು ಎಷ್ಟೆಂದು ಕೇಳಿದಾಗ ಮುನಿರಾಜು ಹಿಂದೆಮುಂದೆ ನೋಡದೆ, "ನಮ್ ಬಾವ ಹೇಳ್ತಾರೆ" ಎಂದ.

ಜೊತೆಗೆ ಹೋಗಿದ್ದ ನಾನು ಹನ್ನೊಂದು ಎಂದೆ. ವೆಂಕಟಮ್ಮನವರು ನನ್ನ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದು, "ಅಳಿಯಂದ್ರು ಹೇಳಿದ್ ಮ್ಯಾಲೆ ಆಯ್ತು" ಎಂದು ಸೆರಗು ಸರಿಮಾಡಿಕೊಂಡರು.

ಸೋಮವಾರ ಬೆಳಿಗ್ಗೆ ಬಾವುಟ ಚೆನ್ನಾಗೇ ಎದ್ದಿತು. ಕೆರೆಗೆ ಹೊರಟ ಬಸ್ಸಿನಿಂದಲೇ ಫೋನು ಮಾಡಿದೆ, ಎರಡು ಕ್ಲಿಪ್ಪೆಂದಳು ಜಯಮ್ಮ. ತಗಡು ಇಟ್ಟಾಯಿತೆಂದ ಪೆರುಮಾಳ್. ಮುನಿರಾಜು ಎಂಟು ಗಂಟೆಗೇ ಹೋಗಿ ಕಂಬ ಜೋಡಿಸಿ, ಹಾಯಿ ಬಿಗಿದು, ಲೈಫ್ ಜಾಕೆಟ್ ತೊಟ್ಟು ತಯಾರಾಗಿದ್ದ. ಹತ್ತೂಮುಕ್ಕಾಲಿಗೆ ಏರಿಯ ಮೇಲೆ ಇಡೀ ಊರು ಕೂತಿತ್ತು. ಹೈಸ್ಕೂಲಿನ ಹೆಣ್ಣುಮಕ್ಕಳನ್ನು ಮೇಷ್ಟರೇ ಸಾಲಾಗಿ ಕರೆತಂದಿದ್ದರು. ಮೀನಿನ ಟೆಂಡರಿನವನು ಛತ್ರಿ ಬಿಡಿಸಿ ಮುಂದಿನ ಸಾಲಿನಲ್ಲೇ ಕೂತಿದ್ದ. ನನಗೆ, ಊರ ಅಳಿಯನೆಂದು, ಕುರ್ಚಿ ಹಾಕಿದ್ದರು. ಇಡೀ ಏರಿಯಲ್ಲಿ ಅದೊಂದೇ ಕುರ್ಚಿ.

ಹನ್ನೊಂದು ಹೊಡೆಯಿತು. ಕೆರೆಯ ನೀರು ಅಲುಗಲಿಲ್ಲ. ಮುನಿರಾಜು ಹಲಗೆಯ ಮೇಲೆ ನಿಂತು ಹಾಯಿ ಎತ್ತಿದ. ಹಾಯಿ ಒಗೆದು ಹಾಕಿದ ಬೆಡ್‌ಶೀಟಿನಂತೆ ನೆಟ್ಟಗೆ ಇಳಿಬಿದ್ದಿತ್ತು. ಹಲಗೆ ಒಂದು ಸುತ್ತು ಸುಮ್ಮನೆ ತಿರುಗಿತು. ಅವನು ಹಾಯಿಯನ್ನು ಆ ಕಡೆ ಈ ಕಡೆ ಆಡಿಸಿದ, ಆಯ ತಪ್ಪಿ ನೀರಿಗೆ ಬಿದ್ದ. ಹೆಣ್ಣುಮಕ್ಕಳು ಕಿಲಕಿಲ ನಕ್ಕರು. ಎರಡನೆಯ ಸಲ ಬಿದ್ದಾಗ ದೊಡ್ಡವರೂ ನಕ್ಕರು. ಮೂರನೆಯ ಸಲ ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಟೆಂಡರಿನವನು, "ಮೀನು ಎದರೋದಿಲ್ಲ ಬುಡ್ರಪ್ಪಾ, ನಗ್ತವೆ" ಎಂದು ಛತ್ರಿ ಮಡಚತೊಡಗಿದ.

ಹನ್ನೊಂದೂವರೆಯಾಯಿತು. ನನ್ನ ಕುರ್ಚಿಯ ಕೆಳಗೆ ನೆಲ ಬಿಸಿಯಾಗುತ್ತಿತ್ತು. ಪಕ್ಕಕ್ಕೆ ಹೋಗಿ ಜಯಮ್ಮನಿಗೆ ಫೋನು ಮಾಡಿದೆ.

"ನಿಜ ಹೇಳಮ್ಮಾ. ಎಷ್ಟು ಕ್ಲಿಪ್ಪು?"

ಅವಳು ಮೆಲ್ಲಗೆ, "ಅಣ್ಣಾ, ನಾನು ಬಟ್ಟೆ ಒಗೆಯೋದೇ ಸಾಯಂಕಾಲ. ನೀನು ಅಷ್ಟು ಆಸೆಯಾಗಿ ಕೇಳ್ತೀಯಾ, ಇಲ್ಲ ಅಂದ್ರೆ ನಿನ್ ದನಿ ಸಪ್ಪಗಾಗೋಯ್ತದೆ. ಅದುಕ್ಕೆ ಎರಡು ಅಂತಿದ್ದೆ. ನಿಂಗೆ ಖುಷಿ ಆಗ್ಲಿ ಅಂತ" ಎಂದಳು.

ಪೆರುಮಾಳ್‌ಗೂ ಮಾಡಿದೆ. ಅವನು ತಗಡನ್ನು ಕಳೆದ ಬೇಸಿಗೆಯಿಂದ ತೆಗೆದೇ ಇಲ್ಲವಂತೆ.

ಹಾಗಾದರೆ ಆ ನಾಲ್ಕು ಭಾನುವಾರ? ಅಲ್ಲೇ ನಿಂತು ಯೋಚಿಸಿದಾಗ ಹೊಳೆಯಿತು. ಆ ದಿನಗಳಲ್ಲಿ ಮುನಿರಾಜು ನನ್ನ ಮಾತು ಕೇಳಿ ಹನ್ನೊಂದಕ್ಕೆ ಕೆರೆಗೆ ಬರುತ್ತಿದ್ದ, ನಿಜ. ಆಮೇಲೆ ಒಬ್ಬನೇ ಕಂಬ ಜೋಡಿಸಿ, ಹಗ್ಗ ಬಿಚ್ಚಿ ಮತ್ತೆ ಕಟ್ಟಿ, ಮನೆಯಿಂದ ಕಟ್ಟಿ ತಂದ ಮುದ್ದೆ ಉಂಡು, ಒಂದು ಬೀಡಿ ಸೇದಿ ನೀರಿಗೆ ಇಳಿಯುವಾಗ ಎರಡು ಗಂಟೆ. ಗಾಳಿ ಬರುತ್ತಿದ್ದುದು ಅದರ ಹೊತ್ತಿಗೆ. ಕೀರ್ತಿ ಬರುತ್ತಿದ್ದುದು ನನಗೆ.

ಮುನಿರಾಜು ದಡದಲ್ಲಿ ಹಲಗೆಯ ಪಕ್ಕ ಕೂತಿದ್ದ. ನೀರು ತೊಟ್ಟಿಕ್ಕುತ್ತಿತ್ತು. ಹಾಯಿ ಬಿಚ್ಚುವುದಕ್ಕೆ ಗಂಟಿಗೆ ಕೈ ಹಾಕಿದ. ನಾನು ಕುರ್ಚಿಯತ್ತ ಹೋಗದೆ ಎಲ್ಲರ ಎದುರು ಬಂದು ನಿಂತು, "ಇದು ಅವನ ತಪ್ಪಲ್ಲ. ಹೊತ್ತು ಹೇಳಿದವನು ನಾನು. ನನಗೆ ಗಾಳಿಯ ವಿಷಯ ಏನೂ ತಿಳಿಯದು" ಎಂದೆ. ಮೂವತ್ತು ವರ್ಷ ಬಾವುಟ ಹಿಡಿದವನಿಗೆ ಆ ಕೊನೆಯ ಮಾತು ಸುಲಭವಾಗಿರಲಿಲ್ಲ.

ವೆಂಕಟಮ್ಮನವರು ಎದ್ದು ಸೊಂಟದ ಮೇಲೆ ಕೈಯಿಟ್ಟರು.

"ಅಯ್ಯೋ ಸಾಮಿ, ಹನ್ನೊಂದು ಗಂಟೆಗೆ ಈ ಕೆರೇಲಿ ಗಾಳಿ ಎಲ್ಲಿ ಬತ್ತದೆ? ಪಡುವಣಕ್ಕೆ ಆ ಗುಡ್ಡ ಅಡ್ಡ ಕೂತದೆ. ಬಿಸ್ಲು ಏರಿ, ಮಲಗಿದ್ದ ಕುರಿ ನೆರಳು ಬಿಟ್ಟು ಎದ್ದ ಮ್ಯಾಲೇನೇ ಗಾಳಿ ಕೆಳಗೆ ಇಳಿಯೋದು."

"ಗೊತ್ತಿದ್ದೂ ಯಾಕಮ್ಮಾ ಹೇಳಲಿಲ್ಲ?"

"ನೀವು ಊರ ಅಳಿಯಂದ್ರು. ನಿಮ್ ಮಾತು ತೆಗೆದಾಕೋಕೆ ಆಯ್ತದಾ?"

ಏರಿಯ ಮೇಲಿದ್ದ ಮುಖಗಳನ್ನೆಲ್ಲ ನೋಡಿದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಇಡೀ ಊರಿಗೆ ಗೊತ್ತಿತ್ತು. ಬಂಗಾರಪೇಟೆಯ ಗಾಳಿ ಕೇಳಿದೆ, ಮೈಸೂರು ಮೈನ್ಸ್ ಗಾಳಿ ಕೇಳಿದೆ, ಮಾರಿಕುಪ್ಪಂ ಗಾಳಿ ಕೇಳಿದೆ. ಕೆರೆಯ ದಡದಲ್ಲಿ ಬದುಕೆಲ್ಲ ಕಳೆದವರನ್ನು ಒಂದು ಸಲವೂ ಕೇಳಿರಲಿಲ್ಲ. ಕೇಳದಿದ್ದವನಿಗೆ ಅವರು ಕುರ್ಚಿ ಹಾಕಿ ಮರ್ಯಾದೆ ಮಾಡಿದ್ದರು.

"ಏಮ್ರಾ ಮುನಿರಾಜು, ಬಿಚ್ಬೇಡ ಕಣ್ಲಾ" ಎಂದರು ವೆಂಕಟಮ್ಮ. "ಎಲ್ರೂ ಓಗಿ ಉಂಡು ಬನ್ನಿ. ಟೆಂಡರಪ್ಪಾ, ನೀನೂ ಬಾ. ಅರ್ಧ ನೋಡಿ ತೀರ್ಮಾನ ಏಳಂಗಿಲ್ಲ."

ಎರಡು ಗಂಟೆಗೆ ಸ್ವಲ್ಪ ಮುಂಚೆ, ಹುಣಸೆಮರದ ಕೆಳಗೆ ಮಲಗಿದ್ದ ಕುರಿಗಳು ಒಂದೊಂದಾಗಿ ಎದ್ದು ಮೈ ಕೊಡವಿದವು. ನಾನು ಅವುಗಳನ್ನೇ ನೋಡುತ್ತಿದ್ದೆ. ಗುಡ್ಡದ ಪಕ್ಕದ ನೀರು ಮೊದಲು ಕಪ್ಪಾಯಿತು, ಆಮೇಲೆ ಆ ಕಪ್ಪು ನಮ್ಮ ಕಡೆಗೆ ಬಂತು. ಮುನಿರಾಜು ಹಾಯಿ ಎತ್ತಿದ. ಹಾಯಿ ತುಂಬಿತು. ಅವನು ಹಿಂದಕ್ಕೆ ವಾಲಿ ನಿಂತದ್ದಷ್ಟೇ ಗೊತ್ತು, ಹಲಗೆ ಸರ್ರೆಂದು ಹೊರಟು, ಅವನು ಒಂದು ಕಾಲದಲ್ಲಿ ವಿಕೆಟ್ಟು ನೆಟ್ಟಿದ್ದ ಜಾಗವನ್ನು ದಾಟಿ, ಆಚೆ ದಡದವರೆಗೂ ಹೋಗಿ, ತಿರುಗಿ ನಮ್ಮ ಕಡೆಗೆ ಬಂತು. ಹೆಣ್ಣುಮಕ್ಕಳು ಸಾಲು ಮುರಿದು ದಡದುದ್ದಕ್ಕೂ ಕೂಗುತ್ತಾ ಓಡಿದರು. ಮೇಷ್ಟರೂ ಓಡಿದರು. ಅಡುಗೆಯವನ ಕೆಲಸದ ಇಪ್ಪತ್ತು ವರ್ಷದಲ್ಲಿ ಅವನಿಗಾಗಿ ಯಾರೂ ಕೂಗಿರಲಿಕ್ಕಿಲ್ಲ. ನನಗೆ ಕಣ್ಣು ತುಂಬಿ ಬಂತು. ಧೂಳೆಂದು ಹೇಳಲು ಅಲ್ಲಿ ಧೂಳೂ ಇರಲಿಲ್ಲ.

ಅವನು ದಡಕ್ಕೆ ಬಂದಾಗ ಎಲ್ಲರೂ ವೆಂಕಟಮ್ಮನವರ ಮುಖ ನೋಡಿದರು. ಅವರು ಆ ಹೊತ್ತಿಗೆ ಸೀರೆಯನ್ನು ಕಚ್ಚೆ ಕಟ್ಟಿ ನೀರಿಗೆ ಇಳಿಯುತ್ತಿದ್ದರು.

"ಬರ್ಕೊಡೋ ಮುಂಚೆ ನೋಡ್ಬೇಕಲ್ಲಾ. ಅದರ ಮ್ಯಾಲೆ ನಿಲ್ಸು ನನ್ನ" ಎಂದರು.

ಟೆಂಡರಿನವನು ಸೇರಿ ಊರೇ ಬೇಡ ಬೇಡ ಎಂದಿತು. ಅವರು ಕೇಳಲಿಲ್ಲ. ಮುನಿರಾಜು ತನ್ನ ಜಾಕೆಟ್ಟು ಬಿಚ್ಚಿ ಅವರಿಗೆ ತೊಡಿಸಿ, ಸೊಂಟದ ಮಟ್ಟದ ನೀರಿನಲ್ಲೇ ಹಲಗೆ ಹಿಡಿದು ಹತ್ತಿಸಿದ. ಅವರು ಮೊಣಕಾಲೂರಿ, ನಡುಗುತ್ತಾ ಎದ್ದು, ಅವನು ಹೇಳಿದಂತೆ ಹಗ್ಗ ಎಳೆದರು. ಹಾಯಿ ನೀರಿನಿಂದ ಮೇಲೆದ್ದಿತು. ಗಾಳಿ ಹಿಡಿಯಿತು. ವೆಂಕಟಮ್ಮನವರು ಎಂಟು ಹತ್ತು ಅಡಿ ಹೋದರು. ಆಮೇಲೆ ದೊಡ್ಡ ಸದ್ದಿನೊಂದಿಗೆ ಬಿದ್ದರು.

ಅವರು ಮುನಿರಾಜುವಿನ ತೋಳು ಹಿಡಿದು ಎದ್ದು ನಿಂತರು. ಕೂದಲು ಬಿಚ್ಚಿಹೋಗಿತ್ತು, ಮುಖದಿಂದ ನೀರು ಇಳಿಯುತ್ತಿತ್ತು. ಗುಡ್ಡದ ಕಡೆಗೆ ತಿರುಗಿ ಆ ಗಾಳಿಯನ್ನು ಹೊಸಬರನ್ನು ನೋಡುವಂತೆ ನೋಡಿದರು.

"ನಲ್ವತ್ತು ವರ್ಷ ಕುರಿ ಜೊತೆ ಇದೇ ದಡದಾಗೆ, ಇದೇ ಗಾಳಿಗೆ ಬೆನ್ನು ಕೊಟ್ಟು ಕೂತಿದ್ನಲ್ಲೋ ಮುನಿರಾಜು" ಎಂದರು. "ಒಂದ್ ದಿನಾನೂ ಎದ್ದು ಎದುರಿಗೆ ನಿಂತ್ಕಳ್ಲಿಲ್ಲ. ಹಿಡಿ, ಇನ್ನೊಂದ್ ಸಲ ಹತ್ತಿಸು."